ಕೂರ್ಮಪೃಷ್ಠ: ಕೊಪ್ಪಳ ಸೀಮೆಯ ಹೆದ್ದಾರಿಗಳ ರಚನೆಯೂ ರಕ್ಷಣೆಯೂ

ಮಾರ್ಗವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಸಾಹಿತ್ಯಾಭ್ಯಾಸಿಗಳ ಮನಸ್ಸು ವೈದರ್ಭ ಗೌಡೀಯಗಳ ಕಡೆಗೂ ದಕ್ಷಿಣೋತ್ತರ ಮಾರ್ಗಭೇದದ ಕಡೆಗೂ ಹರಿಯುವುದು. ಕವಿಗಳು ನಡೆವ ಈ ಮಾರ್ಗದ ವಿಚಾರವಾಗಿ ಲಕ್ಷಣಗ್ರಂಥಗಳೂ ಅವುಗಳ ಮೇಲಣ ವಿಮರ್ಶೆಗಳೂ ಬೇಕಾದಷ್ಟು ಇವೆ. ಬಂಡಿಗಳೂ ಕಾಲಾಳುಗಳೂ ನಡೆವ ಮಣ್ಣಿನ ಮಾರ್ಗಕ್ಕೆ ಅಷ್ಟು ಭಾಗ್ಯವಿಲ್ಲ. ಅದರ ಲಕ್ಷಣವನ್ನು ಹೇಳುವ ಸಂಸ್ಕೃತವಾಕ್ಯಗಳು ಅಲ್ಲಲ್ಲಿ ಚದರಿಕೊಂಡಿವೆ. ಅದನ್ನು ಕಟ್ಟುವವರ ಕನ್ನಡದ ಮಾತುಗಳು ನಿಘಂಟುಗಳಲ್ಲಿ ಅರೆಬರೆಯಾಗಿ ಸೇರಿವೆ. ಕವಿರಾಜಮಾರ್ಗವು ಕನ್ನಡದ ತಿರುಳೆನಿಸಿದ ನೆಲೆಗಳಲ್ಲಿ ಒಂದನ್ನಾಗಿ ಎಣಿಸಿದ ಕೊಪಣನಗರ, ಎಂದರೆ ಈಗಿನ ಕೊಪ್ಪಳ, ಈ ಎರಡನೆಯ ಮಾರ್ಗದ ವಿಚಾರಕ್ಕೂ ತಕ್ಕ ಸ್ಥಳವಾಗಿದೆ. ರಸ್ತೆಗೆ ಮಿತ್ರನಾದ ಮಣ್ಣೂ ಶತ್ರುವಾದ ಮಣ್ಣೂ ಅಲ್ಲಿ ಒಂದರ ಮಗ್ಗುಲಿಗೆ ಒಂದು ಬಿದ್ದಿರುವುದೇ ಇದಕ್ಕೆ ಕಾರಣ.

ಮೊದಲು ಶಬ್ದದ ಮಾತು. ಪಿರಿದು ಎಂಬುದು ಸಮಾಸದಲ್ಲಿ ಪೆರ್ ಎಂದಾಗಿ, ಪೆರ್ದೊರೆಯು ಹೆದ್ದೊರೆಯಾದಂತೆಯೇ ಪೆರ್ದಾರಿಯು ಹೆದ್ದಾರಿಯಾಯಿತು. ಇದೇ ಅರ್ಥದ ಪೆರ್ವಟ್ಟೆ, ಹೆಬ್ಬಟ್ಟೆಗಳೂ ಹಳೆಯ ಬಳಕೆಯವೇ. ಶಾಸನಗಳಲ್ಲಿ ದತ್ತಿಭೂಮಿಯ ಎಲ್ಲೆಯನ್ನು ಹೇಳುವಾಗ ಕೆರೆ, ಹುಣಿಸೆಮರ, ನೆಟ್ಟ ಕಲ್ಲುಗಳ ಜೊತೆಗೆ ಬಟ್ಟೆಯೂ ಬರುವುದು. ಇದು ದಾರಿಯೆಂಬ ಅರ್ಥದ ಬಟ್ಟೆ. ಸಂಸ್ಕೃತದ ವರ್ತ್ಮಶಬ್ದಕ್ಕೆ ಪ್ರಾಕೃತದ ಮೂಲಕ ಸಂಬಂಧಿಸಿದುದೆಂದು ವಿದ್ವಾಂಸರು ಹೇಳುವರು. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದ ನೇಕಾರರು ನೇಯುವ ಬಟ್ಟೆ ಬೇರೆ, ಆ ಬಟ್ಟೆ ಸಂತೆಗೆ ಹೋಗುವ ಬಟ್ಟೆ ಬೇರೆ. (ಐತಿಹ್ಯವು ಹೈದರಾಬಾದಿಗೆ ಹೇಳುವ ಭಾಗ್ಯನಗರವೂ ಇದಲ್ಲ.) ಬೀದಿಯು ವೀಥಿಯ ತದ್ಭವ, ರಸ್ತೆಯು ಪಾರಸೀಕದಿಂದ ಬಂದುದು. ಈ ಸೀಮೆಯು ೧೯೪೮ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದುದರಿಂದ ಸಡಕು ಎಂಬುದೂ ಇಲ್ಲಿಯ ಹಿರಿಯರ ಬಾಯಲ್ಲಿ ಸಹಜವಾಗಿ ನೆಲೆಸಿತು.

ಇನ್ನು ನೆಲದ ಮಾತು. ಕೊಪ್ಪಳದ ಸುತ್ತಲೂ, ಅಲ್ಲಿಂದ ಗಂಗಾವತಿ ಆನೆಗೊಂದಿಗಳ ಕಡೆಗೂ, ಕಣಶಿಲೆಯ ಬೆಟ್ಟಗಳು ಗುಂಡು ಗುಂಡಾಗಿ ಎದ್ದಿವೆ. ಬೆಟ್ಟದ ಬುಡದಲ್ಲಿ ಕಲ್ಲು ಸವೆದು ಆದ ಕೆಂಪು ಮಸಾರಿ; ಅದರ ಕೆಳಗೆ, ಇನ್ನೂ ಪೂರ್ತಿಯಾಗಿ ಮಣ್ಣಾಗದೆ ಹರಳುಹರಳಾಗಿ ಉಳಿದ ಗರಸು. ಯಲಬುರ್ಗಾ ಕುಕನೂರುಗಳ ಬಯಲಿಗೆ ಹೋದರೆ ಕಪ್ಪನೆಯ ಎರೆ. ಜೋಳ ಕಡಲೆಗಳಿಗೆ ಎರೆಯೇ ತಾಯಿ. ಕರ್ಣಾಟವೆಂಬ ಹೆಸರನ್ನು ಕರಿದಾದ ನಾಡು ಎಂದು ಬಿಡಿಸಿ ಅದಕ್ಕೆ ಈ ಮಣ್ಣನ್ನೇ ಸಾಕ್ಷಿಯಾಗಿ ನಿಲ್ಲಿಸಿದ ಪಂಡಿತರೂ ಉಂಟು. ಸಿಂದರ ರಾಜಧಾನಿಯಾಗಿದ್ದ ಎರಂಬರಗೆ, ಎಂದರೆ ಇಂದಿನ ಯಲಬುರ್ಗಾದ ಹೆಸರಿನ ಮೊದಲಲ್ಲಿಯೂ ಎರೆಯನ್ನು ಕಾಣುವ ಆಸೆ ಹುಟ್ಟುವುದು. ಆದರೆ ಧ್ವನಿಸಾಮ್ಯವು ಪ್ರಮಾಣವಲ್ಲವಾದುದರಿಂದ ಆ ಆಸೆಯನ್ನು ಅಲ್ಲಿಗೇ ಬಿಡುವುದು ಲೇಸು.

ಈ ಎರೆಯು ಬೇಸಗೆಯಲ್ಲಿ ಕೈತೂರುವಷ್ಟು ಅಗಲವಾಗಿ ಬಿರಿಯುವುದು. ನೀರು ಬಿದ್ದರೆ ಉಬ್ಬಿ, ಬಂಡಿಯ ಗಾಲಿಗೆ ಅಂಟಿ, ಎತ್ತಿನ ಮೊಣಕಾಲನ್ನು ನುಂಗುವುದು. ಆದುದರಿಂದ ಹಿಂದಿನ ಕಾಲದಲ್ಲಿ ದಾರಿಯೆಂಬುದು ಬಹುಮಟ್ಟಿಗೆ ಋತುವಿಗೆ ಅಧೀನವಾಗಿದ್ದಿತು. ಕಾಳಿದಾಸನು ರಘುವಿನ ದಿಗ್ವಿಜಯವನ್ನು ಶರತ್ಕಾಲದಲ್ಲಿ ಆರಂಭಿಸುವನಷ್ಟೆ. ಆ ಋತುವು ನದಿಗಳನ್ನು ದಾಟಲು ಯೋಗ್ಯವಾಗಿಸಿ, ದಾರಿಯ ಕೆಸರನ್ನು ಒಣಗಿಸಿ, ರಾಜನ ಉತ್ಸಾಹಕ್ಕಿಂತ ಮೊದಲೇ ಅವನನ್ನು ಯಾತ್ರೆಗೆ ಪ್ರೇರಿಸಿತೆಂಬುದು ಕವಿಯ ಭಾವ. ಟೀಕೆಗಳನ್ನು ಪಾಠ ಹೇಳುವಾಗ ಇದನ್ನು ಋತುವರ್ಣನೆಯ ಅಲಂಕಾರವೆಂದು ದಾಟಿಹೋಗುವುದುಂಟು. ಎರೆಸೀಮೆಯ ಹುಡುಗನಿಗೆ ಅದು ಅಲಂಕಾರವಲ್ಲ, ವಸ್ತುಸ್ಥಿತಿ. ವಿಜಯದಶಮಿಯ ಸೀಮೋಲ್ಲಂಘನಕ್ಕೂ ಇದೇ ನೆಲೆ. ಜೈನತೀರ್ಥವಾದ ಕೊಪಣದಲ್ಲಿ ಮುನಿಗಳು ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಲ್ಲುವ ವರ್ಷಾಯೋಗಕ್ಕೆ ಜೀವದಯೆಯೇ ಮುಖ್ಯ ಕಾರಣವಾದರೂ, ನಡೆಯಲು ದಾರಿಯೇ ಇಲ್ಲದ ಕಾಲಕ್ಕೂ ಆ ನಿಯಮಕ್ಕೂ ಇರುವ ಹೊಂದಿಕೆಯನ್ನು ಗಮನಿಸದೆ ಇರಲಾಗದು.

ಮಳೆಗಾಲಕ್ಕೂ ಬಗ್ಗದ ದಾರಿಯನ್ನು ಮಾಡುವುದು ಹೇಗೆಂಬುದನ್ನು ನಮ್ಮ ಪ್ರಾಚೀನರು ಎಷ್ಟರಮಟ್ಟಿಗೆ ಹೇಳಿರುವರು? ಈ ಪ್ರಶ್ನೆಗೆ ಉತ್ತರ ಕೊಡುವಾಗ ಉತ್ಸಾಹಕ್ಕೂ ಪ್ರಮಾಣಕ್ಕೂ ಅಂತರವನ್ನು ಕಾಪಾಡಬೇಕಾಗಿದೆ. ಕೊಪ್ಪಳದ ಗವಿಮಠ ಪಾಲ್ಕಿಗುಂಡುಗಳಲ್ಲಿ ೧೯೩೧ರಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದಮೇಲೆ, ದಾರಿಯ ಇಕ್ಕೆಲದಲ್ಲಿ ಮರ ನೆಡಿಸಿ ಬಾವಿ ತೋಡಿಸಿದ ಸಂಗತಿಯನ್ನು ಆ ಬಂಡೆಗಳ ಮೇಲೆಯೇ ಓದಿದಂತೆ ಹೇಳುವವರುಂಟು. ಅದು ಸರಿಯಲ್ಲ. ಕೊಪ್ಪಳದವು ಕಿರುಶಿಲಾಶಾಸನಗಳು, ಅವುಗಳ ವಿಷಯ ಧರ್ಮದಲ್ಲಿ ಪರಾಕ್ರಮ. ದಾರಿಯ ಮರ ಬಾವಿಗಳ ಮಾತು ಎರಡನೆಯ ಪ್ರಧಾನಶಿಲಾಶಾಸನದಲ್ಲಿಯೂ ಏಳನೆಯ ಸ್ತಂಭಶಾಸನದಲ್ಲಿಯೂ ಬರುವುದು. ಅಲ್ಲಿಯೂ ನೆರಳು ನೀರುಗಳ ಉಪಚಾರವಿದೆಯೇ ಹೊರತು ದಾರಿಯ ಮೈಯನ್ನು ಕಟ್ಟುವ ವಿಧಾನವಿಲ್ಲ.

ಕೌಟಿಲ್ಯನು ಅಗಲವನ್ನು ಖಚಿತವಾಗಿ ಹೇಳುವನು. ರಥ್ಯೆಗೆ ನಾಲ್ಕು ದಂಡ; ರಾಜಮಾರ್ಗಕ್ಕೂ ದ್ರೋಣಮುಖ, ಸ್ಥಾನೀಯ, ರಾಷ್ಟ್ರಗಳಿಗೆ ಹೋಗುವ ಪಥಗಳಿಗೂ ಎಂಟು ದಂಡ; ಸೇತುಪಥ ವನಪಥಗಳಿಗೆ ನಾಲ್ಕು; ಹಸ್ತಿಪಥಕ್ಕೆ ಎರಡು; ಕಿರುಪಶುಗಳೂ ಮನುಷ್ಯರೂ ನಡೆವ ಹಾದಿಗೆ ಎರಡು ಅರತ್ನಿ. ದಂಡವೆಂದರೆ ನಾಲ್ಕು ಅರತ್ನಿ, ಸುಮಾರು ಆರು ಅಡಿ. ಎಂಟು ದಂಡಕ್ಕೆ ನಲವತ್ತೆಂಟು ಅಡಿಯಾಗುವುದು. ಇಂದಿನ ನಾಲ್ಕು ಸಾಲಿನ ಹೆದ್ದಾರಿಯಲ್ಲಿ ಸಾಲೊಂದಕ್ಕೆ ಮೂರೂವರೆ ಮೀಟರಿನಂತೆ ಹದಿನಾಲ್ಕು ಮೀಟರು, ಎಂದರೆ ಸುಮಾರು ನಲವತ್ತಾರು ಅಡಿ. ಈ ಸಾಮ್ಯವು ಕಾಕತಾಳೀಯ. ಇದರ ಮೇಲೆ ಸಿದ್ಧಾಂತ ಕಟ್ಟುವುದು ಬೇಡ. ಅರ್ಥಶಾಸ್ತ್ರದಲ್ಲಿ ನಿಜವಾಗಿ ಗಮನಾರ್ಹವಾದುದು ಬೇರೆಯೇ ಇದೆ. ವಣಿಕ್ಪಥಗಳಲ್ಲಿ ಹಿಮವತ್ಪಥವೇ ದಕ್ಷಿಣಾಪಥಕ್ಕಿಂತ ಮೇಲೆಂಬ ಪೂರ್ವಾಚಾರ್ಯರ ಪಕ್ಷವನ್ನು ಅವನು ಒಪ್ಪದೆ, ಕಂಬಳಿ, ಚರ್ಮ, ಕುದುರೆಗಳನ್ನು ಬಿಟ್ಟರೆ ಶಂಖ, ವಜ್ರ, ಮಣಿ, ಮುತ್ತು, ಚಿನ್ನಗಳು ದಕ್ಷಿಣಾಪಥದಲ್ಲಿಯೇ ಹೆಚ್ಚೆಂದು ಹೇಳುವನು. ಕಾಲುದಾರಿಗಿಂತ ಚಕ್ರಪಥವೇ ಮೇಲೆಂದೂ ನಿರ್ಣಯಿಸುವನು. ದಾರಿಯ ಬೆಲೆಯನ್ನು ಅದು ಹೊರುವ ಸರಕಿನಿಂದ ಅಳೆದ ದೃಷ್ಟಿ ಇದು.

ಕಟ್ಟುವ ವಿಧಾನಕ್ಕೆ ಹತ್ತಿರ ಬರುವುದು ರಾಮಾಯಣದ ಅಯೋಧ್ಯಾಕಾಂಡ. ಭರತನು ಚಿತ್ರಕೂಟಕ್ಕೆ ಹೊರಡುವ ಮುನ್ನ ದಾರಿ ಸಮೆಯಲು ಹೋದವರ ಪಟ್ಟಿಯನ್ನು ಆದಿಕವಿಯು ಕೊಟ್ಟಿರುವನು: ಭೂಮಿಪ್ರದೇಶವನ್ನು ಬಲ್ಲವರು, ನೂಲು ಹಿಡಿದು ಅಳೆಯುವುದರಲ್ಲಿ ನಿಪುಣರು, ಖನಕರು, ಯಂತ್ರಜ್ಞರು, ಸ್ಥಪತಿಗಳು, ಬಡಗಿಗಳು, ಮರ ಕಡಿಯುವವರು, ಬಾವಿ ತೋಡುವವರು, ಸುಧಾಕಾರರು. ಇವರು ಉಬ್ಬನ್ನು ಕಡಿದು, ತಗ್ಗನ್ನು ತುಂಬಿ, ಹಳ್ಳಕ್ಕೆ ಸೇತುವೆ ಕಟ್ಟಿ, ನೀರಿಲ್ಲದೆಡೆ ಬಾವಿ ತೋಡಿದರು. ಆ ದಾರಿಯ ನೆಲವು ಸುಧೆಯಿಂದ ಕುಟ್ಟಿಮವಾಗಿದ್ದಿತೆಂದು ವರ್ಣನೆ. ವರ್ಣನೆಯ ಭಾಗವನ್ನು ಕವಿಗೆ ಬಿಟ್ಟುಕೊಟ್ಟರೂ ಕಸುಬುಗಳ ಪಟ್ಟಿ ಉಳಿಯುವುದು. ಮೊದಲು ನೆಲವನ್ನು ಬಲ್ಲವನು, ಆಮೇಲೆ ಅಳೆಯುವವನು, ಅನಂತರ ಅಗೆಯುವವನು: ಈ ಕ್ರಮವು ಕಲ್ಪನೆಯಿಂದ ಬಂದುದೆಂದು ತೋರುವುದಿಲ್ಲ. ಸುಧೆಯೆಂದರೆ ಸುಣ್ಣ, ಇದರ ಮಾತು ಮುಂದೆ ಮತ್ತೆ ಬರುವುದು.

ಇನ್ನು ಶುಕ್ರನೀತಿಸಾರ. ಮಾರ್ಗಲಕ್ಷಣದಲ್ಲಿ ಇದರಷ್ಟು ಸ್ಪಷ್ಟವಾದ ಸಂಸ್ಕೃತಗ್ರಂಥ ಇನ್ನೊಂದಿಲ್ಲ. ಪದ್ಯೆಗೆ ಮೂರು ಹಸ್ತ, ವೀಥಿಗೆ ಐದು, ಮಾರ್ಗಕ್ಕೆ ಹತ್ತು. ರಾಜಮಾರ್ಗದಲ್ಲಿ ಉತ್ತಮಕ್ಕೆ ಮೂವತ್ತು, ಮಧ್ಯಮಕ್ಕೆ ಇಪ್ಪತ್ತು, ಅಧಮಕ್ಕೆ ಹದಿನೈದು. ಇಷ್ಟೇ ಆಗಿದ್ದರೆ ಅಳತೆಯ ಮಾತಾಗುತ್ತಿದ್ದಿತು. ಆದರೆ ಅಲ್ಲಿ ಇನ್ನೂ ಮೂರು ವಿಧಿಗಳಿವೆ. ಮಾರ್ಗಭೂಮಿಯು ಕೂರ್ಮಪೃಷ್ಠವಾಗಿರಬೇಕು, ಎಂದರೆ ಆಮೆಯ ಬೆನ್ನಿನಂತೆ ನಡುವೆ ಉಬ್ಬಿ ಎರಡು ಕಡೆಗೆ ಇಳಿದಿರಬೇಕು. ನೀರು ಹೊರಟುಹೋಗುವುದಕ್ಕಾಗಿ ಮಗ್ಗುಲಲ್ಲಿ ಅಗಳು ಇರಬೇಕು. ಪ್ರತಿವರ್ಷವೂ ಸುಧೆ ಮತ್ತು ಹರಳುಗಲ್ಲುಗಳಿಂದ, ಅಪರಾಧಿಗಳ ಅಥವಾ ಗ್ರಾಮಜನರ ಕೈಯಿಂದ, ಅದನ್ನು ಸರಿಪಡಿಸಬೇಕು. ರಸ್ತೆಯ ಶಾಸ್ತ್ರದ ಸಾರವೆಲ್ಲ ಈ ಮೂರರಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ.

ಆದಕಾರಣವೇ ಇದನ್ನು ಎತ್ತಿಹಿಡಿದು, ಯೂರೋಪಿನವರಿಗಿಂತ ಎಷ್ಟೋ ಶತಮಾನ ಮೊದಲೇ ಶುಕ್ರಾಚಾರ್ಯರು ಎಲ್ಲವನ್ನೂ ಹೇಳಿದ್ದರೆಂದು ಭಾಷಣಗಳಲ್ಲಿ ಕೇಳಿಬರುವುದು. ಇಲ್ಲಿ ನಿಲ್ಲಬೇಕು. ಓಪರ್ಟರು ೧೮೮೨ರಲ್ಲಿ ಮದರಾಸಿನಲ್ಲಿ ಮುದ್ರಿಸಿದ ಈ ಗ್ರಂಥದ ಕಾಲವು ವಿವಾದಗ್ರಸ್ತವಾಗಿದೆ. ಕೋವಿ ಮದ್ದುಗಳ ವರ್ಣನೆ ಅದರಲ್ಲಿರುವುದೇ ಮೊದಲ ಸಂಶಯಕ್ಕೆ ಎಡೆಯಾಯಿತು. ೧೯೬೨ರಲ್ಲಿ ಲಲ್ಲನ್‌ಜಿ ಗೋಪಾಲರು ಇದು ೧೯ನೆಯ ಶತಮಾನದ ರಚನೆಯೆಂದೇ ವಾದಿಸಿದರು. ಆ ವಾದವು ನಿಂತರೆ, ಮಾರ್ಗಭಾಗವು ಕಂಪೆನಿ ಸರ್ಕಾರದ ರಸ್ತೆಗಳನ್ನು ಕಣ್ಣಾರೆ ಕಂಡ ಒಬ್ಬ ಪಂಡಿತನು ಅನುಷ್ಟುಪ್ಪಿನಲ್ಲಿ ಬರೆದಿಟ್ಟ ವರದಿಯಾಗುವುದೇ ಹೊರತು ಪ್ರಾಚೀನ ವಿದ್ಯೆಗೆ ಸಾಕ್ಷಿಯಾಗದು. ಇದರಿಂದ ಗ್ರಂಥಕ್ಕೆ ಅವಮಾನವೇನೂ ಇಲ್ಲ. ಕೂರ್ಮಪೃಷ್ಠವೆಂಬ ಒಂದೇ ಮಾತಿನಲ್ಲಿ ಇಡೀ ಆಕಾರವನ್ನು ಕಣ್ಣಿಗೆ ಕಟ್ಟಿಸಿದ ಪ್ರತಿಭೆ ಯಾವ ಶತಮಾನದ್ದಾದರೂ ಆದರಣೀಯವೇ. ಹಳೆಯದೆಂಬ ಹುಸಿಯ ಆಸರೆ ಅದಕ್ಕೆ ಬೇಕಿಲ್ಲ.

ಯೂರೋಪಿನಲ್ಲಿ ಈ ವಿದ್ಯೆಗೆ ಹೊಸ ನೆಲೆ ಕೊಟ್ಟವನು ಸ್ಕಾಟ್ಲೆಂಡಿನ ಜಾನ್ ಲೌಡನ್ ಮ್ಯಾಕಡಮ್ (೧೭೫೬–೧೮೩೬). ಅವನ ಸಮಕಾಲೀನನಾದ ಟೆಲ್‌ಫರ್ಡನು ದೊಡ್ಡ ಕಲ್ಲುಗಳನ್ನು ಅಡಿಪಾಯವಾಗಿ ಜೋಡಿಸಿ ಮೇಲೆ ಸಣ್ಣ ಕಲ್ಲು ಹರಡುತ್ತಿದ್ದನು. ಅಡಿಪಾಯದ ದೊಡ್ಡ ಕಲ್ಲೇ ಬೇಡವೆಂಬುದು ಮ್ಯಾಕಡಮನ ಪಕ್ಷ. ಭಾರವನ್ನು ಹೊರುವುದು ಕೆಳಗಿನ ನೆಲವೇ. ಅದು ಒಣಗಿರುವವರೆಗೆ ಎಷ್ಟು ಭಾರವನ್ನಾದರೂ ತಡೆಯುವುದು. ಆದುದರಿಂದ ಮೇಲಣ ಕಲ್ಲಿನ ಹಾಸು ನೆಲಕ್ಕೆ ಮಾಳಿಗೆಯಾಗಿ ನೀರನ್ನು ತಡೆದರೆ ಸಾಕು ಎಂಬುದು ಅವನ ಸಿದ್ಧಾಂತ. ಒಡೆದ ಕಲ್ಲು ಆರು ಔನ್ಸಿಗೆ ಮೀರಕೂಡದು. ಹಾಸಿನ ದಪ್ಪ ಸುಮಾರು ಹತ್ತು ಅಂಗುಲ. ದುಂಡುಗಲ್ಲು ಜಾರುವುದು, ಮೂಲೆಮೂಲೆಯಾಗಿ ಒಡೆದ ಕಲ್ಲು ಒಂದರೊಳಗೊಂದು ಕಚ್ಚಿಕೊಳ್ಳುವುದು. ಹೊಳೆಯ ಹರಳು ಒದಗದೆ ಒಡೆದ ಕಡಿಯೇ ಬೇಕಾಗುವುದು ಇದರಿಂದ.

ಈ ದೇಶದಲ್ಲಿ ಆ ವಿಧಾನವು ಕೊಂಚ ಮಾರ್ಪಟ್ಟು ನೆಲೆಸಿತು. ಹದ ಮಾಡಿ ಗಟ್ಟಿಸಿದ ನೆಲದ ಮೇಲೆ ಕಡಿಯನ್ನು ಹರವಿ, ಅಂಚಿನಿಂದ ನಡುವಿನ ಕಡೆಗೆ ರೋಲರು ಓಡಿಸಿ, ಸಂದುಗಳಿಗೆ ಸಣ್ಣ ಕಡಿಯನ್ನು ಚೆಲ್ಲಿ, ನೀರು ಹೊಯ್ದು, ಮೇಲೆ ಅಂಟು ಕಡಿಮೆಯಾದ ಗರಸಿನ ಮಣ್ಣನ್ನು ಗುಡಿಸಿ ಸೇರಿಸಿ, ಮತ್ತೆ ರೋಲರು ಹಾಯಿಸುವುದು. ಇಂಥ ಪದರವೊಂದು ಗಟ್ಟಿಯಾದಮೇಲೆ ಸಾಧಾರಣವಾಗಿ ೭೫ ಮಿಲಿಮೀಟರು ದಪ್ಪವಿರುವುದು. ಕಬ್ಬಿಣದ ಪಟ್ಟಿಯ ಗಾಲಿಗಳು ಕಲ್ಲನ್ನು ಅರೆದು ಮಾಡಿದ ಹುಡಿಯೇ ಮಳೆಯ ನೀರಿಗೆ ಕೂಡಿ ರಸ್ತೆಗೆ ಅಂಟಾಗುತ್ತಿದ್ದುದರಿಂದ ಎತ್ತಿನಬಂಡಿಯ ಕಾಲಕ್ಕೆ ಇದು ಸಾಕಾಗಿದ್ದಿತು. ಮೋಟಾರು ಬಂದಮೇಲೆ ಕೆಟ್ಟಿತು. ವೇಗವಾಗಿ ಉರುಳುವ ರಬ್ಬರಿನ ಗಾಲಿ ಹುಡಿಯನ್ನು ಅರೆಯದು, ಹೀರಿ ಎಬ್ಬಿಸಿ ಗಾಳಿಗೆ ತೂರುವುದು; ಅಂಟು ಹೋದ ಕಲ್ಲು ಸಡಿಲವಾಗುವುದು. ಡಾಂಬರಿನ ಹೊದಿಕೆ ಬೇಕಾದುದು ಈ ಕಾರಣದಿಂದಲೇ. ಜಯಕರರ ಅಧ್ಯಕ್ಷತೆಯ ಸಮಿತಿ (೧೯೨೭), ಭಾರತೀಯ ರಸ್ತೆ ಕಾಂಗ್ರೆಸ್ಸು (೧೯೩೪), ರಾಷ್ಟ್ರೀಯ ಹೆದ್ದಾರಿ ಮೊದಲಾದ ವರ್ಗೀಕರಣವನ್ನು ಕೊಟ್ಟ ನಾಗಪುರ ಯೋಜನೆ (೧೯೪೩) ಇವೆಲ್ಲ ಆ ಬದಲಾವಣೆಯ ಹಿಂದೆ ಮುಂದೆ ಬಂದವು.

ಕೂರ್ಮಪೃಷ್ಠದ ಇಳಿಜಾರು ಎಷ್ಟಿರಬೇಕೆಂಬುದು ಮೈಯ ನಯವನ್ನು ಅವಲಂಬಿಸಿರುವುದು. ಮಣ್ಣಿನ ದಾರಿಗೆ ನೂರಕ್ಕೆ ಮೂರರಿಂದ ನಾಲ್ಕು, ಕಡಿಯ ರಸ್ತೆಗೆ ಎರಡೂವರೆಯಿಂದ ಮೂರು, ಡಾಂಬರಿನದಕ್ಕೆ ಎರಡರಿಂದ ಎರಡೂವರೆ. ಒರಟಾದ ಮೈಯ ಮೇಲೆ ನೀರು ತಡೆದು ತಡೆದು ಹರಿಯುವುದರಿಂದ ಅದಕ್ಕೆ ಹೆಚ್ಚಿನ ಇಳುಕಲು ಬೇಕು.

ಮಸಾರಿಯ ಮೇಲೆ ಇಷ್ಟಾದರೆ ರಸ್ತೆ ನಿಲ್ಲುವುದು. ಎರೆಯ ಮೇಲೆ ನಿಲ್ಲದು. ಇದರ ಕಾರಣ ಮಣ್ಣಿನ ಕಣದಲ್ಲಿಯೇ ಇದೆ. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜವು ಹೆಚ್ಚಾಗಿದ್ದು, ಅದರ ಕಣಗಳು ಕಾಗೆಬಂಗಾರದ ಎಸಳುಗಳಂತೆ ಪದರಪದರವಾಗಿರುವುವು. ನೀರು ಆ ಪದರಗಳ ನಡುವೆ ಹೊಕ್ಕು ಅವನ್ನು ದೂರ ಸರಿಸುವುದರಿಂದ ಮಣ್ಣು ಉಬ್ಬುವುದು. ನೀರು ಆರಿದರೆ ಕುಗ್ಗುವುದು. ಹೆದ್ದಾರಿಯನ್ನು ಹೊದಿಸಿದಮೇಲೆ ಅದರ ನಡುಭಾಗದ ಕೆಳಗಿನ ಎರೆಗೆ ಮಳೆಯೂ ತಾಕದು, ಬಿಸಿಲೂ ತಾಕದು. ಅಲ್ಲಿಯ ತೇವ ವರ್ಷವಿಡೀ ಒಂದೇ ಸಮನಾಗಿರುವುದು. ಅಂಚಿನ ಕೆಳಗಿನ ಎರೆ ಮಾತ್ರ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಇಳಿಯುತ್ತಿರುವುದು. ನಡು ನಿಂತಲ್ಲಿಯೇ ನಿಂತು ಅಂಚು ಏರಿಳಿದರೆ, ಎರಡರ ನಡುವೆ ರಸ್ತೆಯ ಉದ್ದಕ್ಕೂ ಬಿರುಕು ಬಿಡದೆ ಇರದು. ಎರೆಸೀಮೆಯ ಡಾಂಬರುರಸ್ತೆಗಳಲ್ಲಿ ಅಂಚಿಗೆ ಸಮಾನಾಂತರವಾಗಿ ಕಾಣುವ ಉದ್ದನೆಯ ಸೀಳು ಈ ವ್ಯಾಧಿಯ ಲಕ್ಷಣ. ಆ ಸೀಳಿನೊಳಕ್ಕೆ ಮುಂದಿನ ಮಳೆ ಇಳಿದರೆ ವ್ಯಾಧಿಯು ನಡುವಿಗೂ ಹಬ್ಬುವುದು. ಆಮೆಯ ಬೆನ್ನು ಮೇಲಿಂದ ಬಿದ್ದ ನೀರನ್ನು ಜಾರಿಸೀತು. ಹೊಟ್ಟೆಯ ಕಡೆಯಿಂದ ಏರುವ ತೇವಕ್ಕೆ ಅದು ಉತ್ತರವಲ್ಲ.

ಇದಕ್ಕೆ ಮೂರು ಚಿಕಿತ್ಸೆಗಳಿವೆ. ಮೊದಲನೆಯದು ಎರೆಯನ್ನು ತೋಡಿ ತೆಗೆದು ಗರಸನ್ನು ತುಂಬುವುದು. ಎರೆ ಆಳವಾಗಿಲ್ಲದೆಡೆ ಇದೇ ಉತ್ತಮ. ಗರಸಿನ ಗುಡ್ಡ ಹತ್ತಿರವಿರುವ ಕೊಪ್ಪಳ ಕುಷ್ಟಗಿಗಳ ಕಡೆ ಸುಲಭವೂ ಹೌದು. ಎರಡನೆಯದು ಎರೆಯನ್ನು ಇದ್ದಲ್ಲಿಯೇ ಬಿಟ್ಟು, ಅದರ ಮೇಲೆ ಉಬ್ಬದ ಮಣ್ಣಿನ ದಪ್ಪನೆಯ ಮೆತ್ತೆಯನ್ನು ಹಾಸಿ, ರಸ್ತೆಯನ್ನು ಎತ್ತರಿಸಿ, ಮಗ್ಗುಲುಗಳನ್ನೂ ನೀರಿಳಿಯದಂತೆ ಬಿಗಿಯುವುದು. ಮೂರನೆಯದು ಸುಣ್ಣ. ಎರೆಗೆ ನೂರಕ್ಕೆ ಮೂರರಿಂದ ಐದು ಭಾಗ ಸುಣ್ಣವನ್ನು ಬೆರಸಿದರೆ, ಸುಣ್ಣದ ಕ್ಯಾಲ್ಸಿಯಮ್ ಅಂಶವು ಜೇಡಿಯ ಪದರಗಳನ್ನು ಹಿಡಿದುಕೊಂಡು ನೀರಿಗೆ ಎಡೆಗೊಡದಂತೆ ಮಾಡುವುದು. ಅಂಟು ಹೋಗಿ ಮಣ್ಣು ಪುಡಿಪುಡಿಯಾಗುವುದು ಮೊದಲ ದಿನಗಳಲ್ಲಿಯೇ ಕಾಣುವ ಗುಣ. ತಿಂಗಳುಗಟ್ಟಲೆ ನಡೆಯುವ ನಿಧಾನವಾದ ಇನ್ನೊಂದು ಕ್ರಿಯೆಯಿಂದ ಅದು ಗಾರೆಯಂತೆ ಗಟ್ಟಿಯಾಗುವುದು. ರಾಮಾಯಣದ ಸುಧಾಕಾರರನ್ನೂ ಶುಕ್ರನೀತಿಯ ಸುಧೆಯನ್ನೂ ಇಲ್ಲಿ ನೆನೆಯಬಹುದು. ಆದರೆ ಅಲ್ಲಿಯ ಸುಧೆ ಮೇಲ್ಮೈಗೆ ಬಳಿದ ಹೊದಿಕೆ, ಇಲ್ಲಿಯದು ನೆಲದ ಸ್ವಭಾವವನ್ನೇ ಬದಲಿಸುವ ಔಷಧ. ದ್ರವ್ಯ ಒಂದೇ, ಪ್ರಯೋಗ ಬೇರೆ.

ಕಲ್ಲಿನ ವಿಷಯದಲ್ಲಿ ಕೊಪ್ಪಳಕ್ಕೆ ಬಡತನವಿಲ್ಲ. ಈ ಸೀಮೆಯ ಕಣಶಿಲೆ ಗಟ್ಟಿಯಾದುದು, ಸವೆತಕ್ಕೆ ಬಗ್ಗದು. ಆದರೂ ಅದಕ್ಕೆ ಒಂದು ದೋಷವುಂಟು. ಸಿಲಿಕದ ಅಂಶ ಹೆಚ್ಚಾಗಿರುವ ಇಂಥ ಕಲ್ಲು ಡಾಂಬರಿಗಿಂತ ನೀರನ್ನೇ ಹೆಚ್ಚು ಪ್ರೀತಿಸುವುದು. ಒಣಗಿದ್ದಾಗ ಬಿಗಿಯಾಗಿ ಅಂಟಿದ ಡಾಂಬರನ್ನು, ಬಿರುಕಿನಲ್ಲಿ ನಿಂತ ನೀರು ಮೆಲ್ಲಗೆ ಕಲ್ಲಿನ ಮೈಯಿಂದ ಸುಲಿದುಹಾಕುವುದು. ಕರಿಕಲ್ಲಿಗೂ ಸುಣ್ಣಕಲ್ಲಿಗೂ ಈ ಬಾಧೆ ಕಡಿಮೆ. ಆದುದರಿಂದ ಕಣಶಿಲೆಯ ಕಡಿಗೆ ಅರಳಿದ ಸುಣ್ಣದ ಪುಡಿಯನ್ನಾಗಲಿ ಅಂಟು ಹೆಚ್ಚಿಸುವ ರಾಸಾಯನಿಕವನ್ನಾಗಲಿ ಕೂಡಿಸುವರು. ಗಿಣಿಗೇರಿಯ ಸುತ್ತಣ ಕಬ್ಬಿಣದ ಕಾರ್ಖಾನೆಗಳ ಕಿಟ್ಟವೂ ಕಡಿಗೆ ಬದಲಾಗಿ ಒದಗಬಲ್ಲುದು. ಆದರೆ ಉಕ್ಕಿನ ಕಿಟ್ಟದಲ್ಲಿ ಅರಳದೆ ಉಳಿದ ಸುಣ್ಣವು ನೀರು ತಾಕಿದಾಗ ಉಬ್ಬುವುದರಿಂದ, ಅದನ್ನು ಮಳೆಗಾಳಿಗೆ ಒಡ್ಡಿ ಹಣ್ಣುಮಾಡದೆ ಬಳಸಬಾರದು.

ಡಾಂಬರೆಂಬ ಹೆಸರಿನ ಬಗೆಗೂ ಒಂದು ಮಾತು. ಕಲ್ಲಿದ್ದಲಿನಿಂದ ಬಟ್ಟಿಯಿಳಿಸಿದ ಟಾರು ಬೇರೆ, ಕಲ್ಲೆಣ್ಣೆಯನ್ನು ಶೋಧಿಸಿದಮೇಲೆ ಉಳಿಯುವ ಬಿಟುಮೆನ್ ಬೇರೆ. ಇಂದಿನ ಹೆದ್ದಾರಿಗೆ ಎರಡನೆಯದೇ ಬರುವುದು. ಜನರ ಬಾಯಲ್ಲಿ ಎರಡೂ ಡಾಂಬರೇ. ಇದಕ್ಕೆ ಶಿಲಾಜತು ಎಂದು ಸಂಸ್ಕೃತದ ಹೆಸರಿಟ್ಟವರುಂಟು; ವೈದ್ಯರು ಔಷಧವಾಗಿ ಕೊಡುವ ಪದಾರ್ಥದ ಹೆಸರನ್ನು ರಸ್ತೆಗೆ ಸುರಿಯುವುದಕ್ಕಿಂತ ಡಾಂಬರೇ ಮೇಲು. ಹಾಗೆಯೇ ಎರೆ, ಮಸ‌ಾರಿ, ಗರಸು, ಕಡಿ, ಕಿಟ್ಟ, ಮೋರಿ, ತೆಗ್ಗು ಮುಂತಾದ ಮಾತುಗಳು ಇರುವಾಗ ಪಾರಿಭಾಷಿಕಕೋಶಗಳಿಗೆ ಹೊಸ ಸಮಾಸಗಳನ್ನು ಹೊಸೆಯುವುದು ವ್ಯರ್ಥಶ್ರಮ. ವಡ್ಡರ ಕಸುಬಿನ ಮಾತುಗಳನ್ನು ಕೇಳಿ ಬರೆದುಕೊಳ್ಳುವ ಕೆಲಸ ಯಂತ್ರಗಳು ಬಂದಷ್ಟೂ ಅವಸರದ್ದಾಗುತ್ತಿದೆ.

ನೀರಿನ ತರುವಾಯ ರಸ್ತೆಯ ಎರಡನೆಯ ಶತ್ರು ಅತಿಭಾರ. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ೧೯೫೮ರಿಂದ ೧೯೬೦ರವರೆಗೆ ನಡೆದ ಪರೀಕ್ಷೆಯಿಂದ ತಿಳಿದ ನಿಯಮವೇನೆಂದರೆ, ಅಚ್ಚಿನ ಮೇಲಣ ಭಾರ ಹೆಚ್ಚಿದಂತೆ ರಸ್ತೆಗಾಗುವ ಹಾನಿ ಸುಮಾರು ಅದರ ನಾಲ್ಕನೆಯ ಘಾತದಷ್ಟು ಹೆಚ್ಚುವುದು. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ಒಂದೂವರೆ ಪಟ್ಟಾದರೂ ಐದು ಪಟ್ಟು. ನಾಲ್ಕು ಗಾಲಿಯ ಒಂಟಿ ಅಚ್ಚಿಗೆ ಈ ದೇಶದಲ್ಲಿ ೧೦.೨ ಟನ್ನುಗಳಿದ್ದ ಮಿತಿಯನ್ನು ೨೦೧೮ರಲ್ಲಿ ೧೧.೫ಕ್ಕೆ ಏರಿಸಲಾಯಿತು. ಈ ಲೆಕ್ಕದ ಅರ್ಥವನ್ನು ಕೊಪ್ಪಳದವರಿಗೆ ವಿವರಿಸಬೇಕಾಗಿಲ್ಲ. ಹೊಸಪೇಟೆಯಿಂದ ಕೊಪ್ಪಳ, ಗದಗ, ಹುಬ್ಬಳ್ಳಿಗಳ ಮೇಲೆ ಕರಾವಳಿಗೆ ಹೋಗುವ ಹೆದ್ದಾರಿಯಲ್ಲಿ, ಅದಕ್ಕೆ ೬೩ ಎಂಬ ಸಂಖ್ಯೆಯಿದ್ದ ಕಾಲದಲ್ಲಿ, ಬಳ್ಳಾರಿ ಸೀಮೆಯ ಅದಿರನ್ನು ಮಿತಿಮೀರಿ ಹೇರಿದ ಲಾರಿಗಳು ವರ್ಷಗಟ್ಟಲೆ ಸಾಲುಗಟ್ಟಿದವು. ಲೋಕಾಯುಕ್ತರ ವರದಿಗಳಲ್ಲಿ ಅತಿಭಾರದ ಈ ಸಾಗಣೆಯ ವಿಚಾರವೂ ಬಂದಿದೆ. ೨೦೧೦ರ ಜುಲೈಯಲ್ಲಿ ರಾಜ್ಯಸರ್ಕಾರವು ಅದಿರಿನ ರಫ್ತನ್ನು ತಡೆದು, ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದಮೇಲೆ ಆ ಸಾಲು ಕರಗಿತು. ಗದಗಿನಿಂದ ಹೊಸಪೇಟೆಗೆ ಬರುವ ಆ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ ೬೭. ಕುಷ್ಟಗಿಯ ಮೇಲೆ ಹಾಯುವುದು ೫೦.

ಕೊನೆಗೆ ರಕ್ಷಣೆ. ತೆಗ್ಗು ಬಿದ್ದೆಡೆ ಕಡಿಯನ್ನೂ ಡಾಂಬರನ್ನೂ ಸುರಿದು ಸಲಿಕೆಯಿಂದ ತಟ್ಟಿ ಹೋಗುವುದು ದುರಸ್ತಿಯಲ್ಲ. ಸಡಿಲವಾದುದೆಲ್ಲ ಹೋಗುವವರೆಗೆ ಕೆತ್ತಿ, ಕುಳಿಯನ್ನು ಚೌಕಾಕಾರವಾಗಿ, ಗೋಡೆ ನೆಟ್ಟಗಿರುವಂತೆ ಕಡಿಯಬೇಕು. ಧೂಳು ತೇವಗಳನ್ನು ತೆಗೆದು, ತಳಕ್ಕೂ ಗೋಡೆಗೂ ತೆಳುವಾಗಿ ಡಾಂಬರು ಬಳಿದು, ಬಿಸಿಮಿಶ್ರಣವನ್ನು ಪದರಪದರವಾಗಿ ತುಂಬಿ, ಅದು ಆರುವ ಮೊದಲೇ ದಮ್ಮಸು ಮಾಡಬೇಕು. ತೇವದ ಮೇಲೆ ಹಾಕಿದ ತೇಪೆ ಮುಂದಿನ ಮಳೆಗೆ ಕಿತ್ತುಬರುವುದು. ಇದಕ್ಕಿಂತಲೂ ಮೊದಲಿನ ಕೆಲಸ ಬಿರುಕುಗಳನ್ನು ಬೇಸಗೆಯಲ್ಲಿಯೇ ಮುಚ್ಚುವುದು, ಮಗ್ಗುಲ ಚರಂಡಿಯ ಹೂಳೆತ್ತುವುದು, ಮೋರಿಗಳ ಬಾಯಿ ಬಿಡಿಸುವುದು. ರೋಹಿಣಿ ಮಿರುಗಗಳ ಮಳೆಗೆ ಮುಂಚೆ ಇದು ಒಮ್ಮೆ ಆಗಬೇಕು. ಕೊಪ್ಪಳ ಸೀಮೆಗೆ ಹಿಂಗಾರು ಮಳೆಯೂ ಬಲವಾದುದರಿಂದ ಉತ್ತರೆಗೆ ಮುಂಚೆ ಇನ್ನೊಮ್ಮೆ ಆಗಬೇಕು. ಆ ವೇಳೆಗೆ ಎರೆಯ ಬಿರುಕುಗಳು ಮುಂಗಾರಿನ ನೀರು ಕುಡಿದು ಮುಚ್ಚಿಕೊಂಡಿರುವುವು. ಆಮೇಲೆ ಬಿದ್ದ ಮಳೆಗೆ ನೆಲದೊಳಗೆ ಎಡೆಯಿಲ್ಲದೆ, ಚರಂಡಿ ತೆರೆದಿದ್ದರೆ ಹಳ್ಳಕ್ಕೆ ಹೋಗುವುದು, ಕಟ್ಟಿದ್ದರೆ ರಸ್ತೆಯ ಮಗ್ಗುಲಲ್ಲಿಯೇ ನಿಲ್ಲುವುದು.